ಬ್ರಾಂಚ್ ಆರಿಸುವ ಮುನ್ನ ಕಂತಿನ ಲೆಕ್ಕ

ಸಿಇಟಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲಿ ವರ್ಷಗಟ್ಟಲೆ ಕೂತವನಲ್ಲವೇ, ನೆಂಟರಿಷ್ಟರೆಲ್ಲ ಕೇಳುವುದು ಒಂದೇ: ‘ಯಾವ ಬ್ರಾಂಚ್ ತಗೊಂಡ್ರೆ ಒಳ್ಳೆ ಪ್ಯಾಕೇಜ್ ಸಿಗುತ್ತೆ?’ ಪ್ರಶ್ನೆಯಲ್ಲಿ ತಪ್ಪಿಲ್ಲ. ಸಾಲ ಮಾಡಿ ಓದಿಸುವವರು ಸಂಬಳದ ಮಾತೆತ್ತಲು ನಾಚಬೇಕಿಲ್ಲ. ಆದರೆ ಎಷ್ಟು ಬರುತ್ತದೆ ಎಂದು ಕೇಳುವವರು ಎಷ್ಟು ಉಳಿಯುತ್ತದೆ ಎಂದು ಕೇಳುವುದಿಲ್ಲ.

ಅಕ್ಕನ ಮಗನ ವಿಷಯವನ್ನೇ ಹೇಳುತ್ತೇನೆ. ಅವನ ರ‍್ಯಾಂಕಿಗೆ ಸಿಇಟಿಯಲ್ಲಿ ಎಲೆಕ್ಟ್ರಿಕಲ್ ಸೀಟು ಸಿಗುವಂತಿತ್ತು. ಭಾವನಿಗೆ ಕಂಪ್ಯೂಟರ್ ಸೈನ್ಸೇ ಆಗಬೇಕು, ಮ್ಯಾನೇಜ್‌ಮೆಂಟ್ ಕೋಟಾ ಆದರೂ ಸರಿ. ‘ಹತ್ತು ಲಕ್ಷ ಲೋನ್ ಮಾಡ್ಸು, ಅವನೇ ತೀರಿಸ್ಕೋತಾನೆ’ ಎಂದರು. ಮೂವರೂ ಕೂತು ಲೆಕ್ಕ ಹಾಕಿದೆವು.

ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷ ಸಾಲ, ಬಡ್ಡಿ ಶೇ 10. ಓದುವಾಗ, ಓದು ಮುಗಿದ ಮೇಲೆ ಒಂದು ವರ್ಷ, ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಐದು ವರ್ಷಕ್ಕೆ ಸರಳ ಬಡ್ಡಿಯೇ ಮೂರೂವರೆ ಲಕ್ಷ. ಕಂತು ಶುರುವಾಗುವ ಹೊತ್ತಿಗೆ ಸಾಲ 13.5 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 17,840 ರೂಪಾಯಿ. ದೊಡ್ಡ ಐಟಿ ಸೇವಾ ಕಂಪನಿಗಳು ಸಾಮಾನ್ಯ ಹೊಸಬರಿಗೆ ಕೊಡುವ ಸಂಬಳ ಹತ್ತು ವರ್ಷಕ್ಕೂ ಮಿಕ್ಕಿ ಮೂರರಿಂದ ನಾಲ್ಕು ಲಕ್ಷದಲ್ಲೇ ನಿಂತಿದೆ. 3.6 ಲಕ್ಷದ ಪ್ಯಾಕೇಜ್ ಅಂದರೆ ಕೈಗೆ ಬರುವುದು 25–26 ಸಾವಿರ. ಕಂತು ಕಳೆದು ಉಳಿದ ಎಂಟು ಸಾವಿರದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಇದೆಯಲ್ಲ ಎಂದರು ಭಾವ. ಅಷ್ಟು ಸಂಬಳಕ್ಕೆ ತೆರಿಗೆಯೇ ಬೀಳದ ಮೇಲೆ ಹುಡುಗನಿಗೆ ಆ ವಿನಾಯಿತಿಯಿಂದ ಬರುವುದೇನು? ಮೇಲಾಗಿ, ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ. ಇವರ ಬಳಿ ಇದ್ದದ್ದು ವಾಸದ ಮನೆ ಒಂದೇ.

ಅದೇ ಲೆಕ್ಕವನ್ನು ಸಿಇಟಿ ಸೀಟಿಗೂ ಹಾಕಿದೆವು. ಒಟ್ಟು ಸಾಲ ಮೂರು ಲಕ್ಷ, ಕಂತು 5,350ರ ಆಸುಪಾಸು. ಎಲೆಕ್ಟ್ರಿಕಲ್ ಓದಿದವನಿಗೆ ಆರಂಭದ ಸಂಬಳ ತುಸು ಕಡಿಮೆ ಬಂದರೂ ಉಸಿರಾಡಲು ಜಾಗವಿರುತ್ತದೆ. ‘ಮಾಮ, ನಾನು ಎಲೆಕ್ಟ್ರಿಕಲ್ಲೇ ತಗೋತೀನಿ’ ಎಂದ ಹುಡುಗ. ಭಾವ ಎರಡು ದಿನ ಮುನಿಸಿಕೊಂಡಿದ್ದರು.

ಕಂಪ್ಯೂಟರ್ ಸೈನ್ಸ್ ಬೇಡ ಎಂಬುದು ನನ್ನ ವಾದವಲ್ಲ. ಒಳ್ಳೆಯ ಕಾಲೇಜಿನಲ್ಲಿ, ಸಿಇಟಿ ಶುಲ್ಕದಲ್ಲಿ ಸಿಕ್ಕರೆ ಕಣ್ಣು ಮುಚ್ಚಿ ಸೇರಿಸಿ. ಇಂದಿನ ಬೇಡಿಕೆ ನಂಬಿ ನಾಲ್ಕು ವರ್ಷದ ನಂತರದ ದುಡ್ಡನ್ನು ಸುರಿಯುವಾಗ ಮಾತ್ರ ಎಚ್ಚರ ಬೇಕು. 1990ರ ದಶಕದಲ್ಲಿ ನಾನು ಬಿ.ಕಾಂ. ಸೇರಿದಾಗ ನಮ್ಮೂರಲ್ಲಿ ಟಿಸಿಎಚ್‌ ಸೀಟಿಗೆ, ಅಂದರೆ ಶಿಕ್ಷಕರ ತರಬೇತಿಗೆ, ನೂಕುನುಗ್ಗಲು. ಮೊದಮೊದಲು ಮುಗಿಸಿದವರು ಶಾಲೆಗಳಲ್ಲಿ ಮೇಷ್ಟ್ರಾದರು. ಅವರನ್ನು ನೋಡಿ ಸೇರಿದವರ ಹೊತ್ತಿಗೆ ನೇಮಕಾತಿ ಬತ್ತಿತ್ತು. ಆಮೇಲಾಮೇಲೆ ಅದೇ ತರಬೇತಿ ಕೊಡುತ್ತಿದ್ದ ಅನೇಕ ಡಿ.ಇಡಿ. ಕಾಲೇಜುಗಳೇ ಬಾಗಿಲು ಹಾಕಿದವು. 2001ರಲ್ಲಿ ಡಾಟ್‌ಕಾಂ ಗುಳ್ಳೆ ಒಡೆದುದರ ಬಿಸಿ ತಟ್ಟಿದಾಗ, 2008–09ರ ಹಿಂಜರಿತದಲ್ಲಿ ಆಫರ್ ಲೆಟರ್ ಹಿಡಿದು ತಿಂಗಳುಗಟ್ಟಲೆ ಕಾದ ಸಾಫ್ಟ್‌ವೇರ್ ಹುಡುಗರೂ ನನ್ನ ಮೇಜಿನ ಮುಂದೆ ಕೂತು ಕಂತು ಮುಂದೂಡಲು ಕೇಳಿದ್ದುಂಟು.

ಕಾಲೇಜಿನ ಜಾಹೀರಾತಿನಲ್ಲಿ ಮಿಂಚುವ 40 ಲಕ್ಷದ ಪ್ಯಾಕೇಜ್ ಒಬ್ಬ ವಿದ್ಯಾರ್ಥಿಯದು. ನಿಮಗೆ ಬೇಕಾದ್ದು ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಸಂಬಳ, ಅಂದರೆ ಮೀಡಿಯನ್. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಕಾಲೇಜುಗಳು ಈ ಅಂಕಿಯನ್ನು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬುದನ್ನು ಸೇರಿಸಿ ಸಲ್ಲಿಸಿರುತ್ತವೆ. ಯಾರು ಬೇಕಾದರೂ ನೋಡಬಹುದು. ಆದರೆ ಅದು ಎಲ್ಲ ಬ್ರಾಂಚ್ ಸೇರಿದ ಲೆಕ್ಕ. ನಿಮ್ಮ ಬ್ರಾಂಚಿನದನ್ನು ಕಳೆದ ವರ್ಷ ಪಾಸಾದ ಹುಡುಗರನ್ನೇ ಕೇಳಿ ತಿಳಿಯಬೇಕು.

ಇನ್ನು ಮಕ್ಕಳ ಆಸಕ್ತಿ. ಅದೂ ಹಣದ ಪ್ರಶ್ನೆಯೇ. ಕ್ಯಾಂಪಸ್‌ಗೆ ಬರುವ ಅನೇಕ ಕಂಪನಿಗಳು ಶೇ 60 ಅಂಕ ಕೇಳುತ್ತವೆ, ಬ್ಯಾಕ್‌ಲಾಗ್ ಇದ್ದವರನ್ನು ಸಂದರ್ಶನಕ್ಕೇ ಕೂರಿಸುವುದಿಲ್ಲ. ಪ್ರೋಗ್ರಾಮಿಂಗ್ ಕಂಡರೆ ಆಗದ ಹುಡುಗಿ ಅದನ್ನೇ ಓದಿ ಎರಡು ವಿಷಯ ಉಳಿಸಿಕೊಂಡರೆ ಬ್ರಾಂಚಿನ ಬೇಡಿಕೆಯಿಂದ ಅವಳಿಗೆ ಪ್ರಯೋಜನವಿಲ್ಲ.

ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಒಟ್ಟು ಸಾಲ ಮೊದಲ ವರ್ಷದ ಸಂಬಳವನ್ನು ಮೀರದಿರಲಿ. ಕಂತು ಕೈಗೆ ಬರುವ ಸಂಬಳದ ನಾಲ್ಕನೇ ಒಂದು ಭಾಗದೊಳಗಿರಲಿ. ಕೈಲಾದರೆ ಓದುವಾಗಲೇ ಬಡ್ಡಿಯನ್ನಾದರೂ ಕಟ್ಟುತ್ತಾ ಬನ್ನಿ; ಮೇಲಿನ ಹತ್ತು ಲಕ್ಷಕ್ಕೆ ಕಂತು 13,215ಕ್ಕೆ ಇಳಿಯುತ್ತದೆ, ಕೆಲವು ಬ್ಯಾಂಕುಗಳು ಬಡ್ಡಿ ದರದಲ್ಲೂ ರಿಯಾಯಿತಿ ಕೊಡುತ್ತವೆ. ಈ ಮಿತಿಗೆ ಹೊಂದದ ಸೀಟು ಎಷ್ಟೇ ಹೆಸರಿನ ಬ್ರಾಂಚಿನದಾದರೂ ನಿಮ್ಮ ಮನೆಗೆ ದುಬಾರಿಯೇ. ಆಪ್ಷನ್ ಎಂಟ್ರಿಗೆ ಕೂರುವ ಮುನ್ನ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಈ ಲೆಕ್ಕ ಹಾಕಿ. ನಾಳೆ ಆ ಕಂತು ಕಟ್ಟಬೇಕಾದವರು ಅವರೇ.