ಯಾವ ಪ್ಲಗ್ಗಿಗೆ ಯಾವ ಎಂಸಿಬಿ?

ಅಂಗಡಿ ಅಥವಾ ಕಾರ್ಖಾನೆಯ ಪ್ಲಗ್ ಪಾಯಿಂಟನ್ನು ಬಿಚ್ಚುವ ಮುನ್ನ ಅದನ್ನು ನಿಯಂತ್ರಿಸುವ ಎಂಸಿಬಿ ಯಾವುದೆಂಬುದು ಖಚಿತವಾಗಿರಬೇಕು. ಪೆಟ್ಟಿಗೆಯ ಮೇಲಿನ ಹಳೆಯ ಚೀಟಿ ನಂಬತಕ್ಕದ್ದಲ್ಲ. ವೈರಿಂಗ್ ಬದಲಾದರೂ ಚೀಟಿಯನ್ನು ಬದಲಿಸುವವರು ವಿರಳ.

ಗಣಕಯಂತ್ರಗಳನ್ನೂ ಚಾಲನೆಯಲ್ಲಿರುವ ಮೋಟಾರುಗಳನ್ನೂ ಮೊದಲು ಕ್ರಮವಾಗಿ ನಿಲ್ಲಿಸಬೇಕು. ಬಳಿಕ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಜೋಡಿಸಿ ಎಂಸಿಬಿಗಳನ್ನು ಒಂದೊಂದಾಗಿ ಆರಿಸಬೇಕು. ಯಾವುದನ್ನು ಆರಿಸಿದಾಗ ದೀಪ ನಂದುವುದೋ ಅದೇ ಆ ಪ್ಲಗ್ಗಿನ ಎಂಸಿಬಿ. ಸಹಾಯಕರಿಲ್ಲದಿದ್ದರೆ ರೇಡಿಯೋ ಮೇಲು. ಸದ್ದು ನಿಂತದ್ದು ಪೆಟ್ಟಿಗೆಯ ಬಳಿಗೂ ತಿಳಿಯುತ್ತದೆ.

ನಿಜವಾದ ಅಪಾಯವಿರುವುದು ಇನ್ವರ್ಟರ್ ಇರುವಲ್ಲಿ. ಅದರ ಲೈನಿಗೆ ಸೇರಿದ ಪ್ಲಗ್ಗಿನಲ್ಲಿ ಮೇನ್ ಸ್ವಿಚ್ ಆರಿಸಿದ ಮೇಲೂ ಸುಮಾರು 230 ವೋಲ್ಟ್ ಇರುತ್ತದೆ. ದೀಪವು ಕ್ಷಣಕಾಲ ಮಿಟುಕಿ ಮತ್ತೆ ಬೆಳಗಿದರೆ ಸಂಶಯ ಅತ್ತ ಹೋಗಬೇಕು. ಆಗ ಇನ್ವರ್ಟರಿನ ಔಟ್‌ಪುಟ್ಟನ್ನೂ ಬೇರ್ಪಡಿಸುವುದು ಅವಶ್ಯ. ಮೂರು ಫೇಸ್ ಸಂಪರ್ಕವಿರುವ ಕಟ್ಟಡದಲ್ಲಿ ಪಕ್ಕಪಕ್ಕದ ಪ್ಲಗ್ಗುಗಳು ಬೇರೆ ಬೇರೆ ಫೇಸಿಗೆ ಸೇರಿರಬಹುದಾದ್ದರಿಂದ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ದೀಪ ನಂದಿದ್ದಷ್ಟೇ ಪುರಾವೆಯಲ್ಲ. ಟೆಸ್ಟರನ್ನು ವಿದ್ಯುತ್ ಇರುವ ಪ್ಲಗ್ಗಿನಲ್ಲಿ ಮೊದಲು ನೋಡಿ, ಬಿಚ್ಚಬೇಕಾದುದರಲ್ಲಿ ನೋಡಿ, ಪುನಃ ಮೊದಲಿನದರಲ್ಲಿ ನೋಡಬೇಕು. ಕೆಟ್ಟ ಟೆಸ್ಟರೂ ಬೆಳಗುವುದಿಲ್ಲ. ಬಿಚ್ಚುವ ಕೆಲಸ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನದು. ಗುರುತಿಸಿದ ಎಂಸಿಬಿಗೆ ದಿನಾಂಕ ಸಹಿತ ಹೊಸ ಚೀಟಿ ಅಂಟಿಸುವುದು ಮಾಲೀಕನದು.