ಐಎಎಸ್ ಕೈತಪ್ಪಿದ ಮೇಲೆ ಡೇಟಾ ಸೈನ್ಸ್: ಫೀಸು ಕಟ್ಟುವ ಮುನ್ನ

ವಿಜಯನಗರದ ಪಿಜಿ ಖಾಲಿ ಮಾಡಿ, ಪುಸ್ತಕದ ಚೀಲಗಳ ಸಮೇತ ಮಗಳು ಮೂಡಿಗೆರೆಗೆ ಮರಳಿದ್ದಾಳೆ. ಸಾಮಾನ್ಯ ವರ್ಗದವರಿಗೆ ಯುಪಿಎಸ್‌ಸಿ ಕೊಡುವ 6 ಅವಕಾಶಗಳೂ ಮುಗಿದಿವೆ. ಬಂದ ಕೆಲವೇ ದಿನಕ್ಕೆ ‘ಡೇಟಾ ಸೈನ್ಸ್ ಮಾಡ್ತೀನಿ’ ಎನ್ನುತ್ತಾಳೆ. ನೆಂಟರು ಮದುವೆ ಮಾತು ತೆಗೆಯುವ ಮೊದಲು ಏನಾದರೂ ಹಿಡಿದುಕೊಳ್ಳಬೇಕೆಂಬ ಆತುರ ಅದರಲ್ಲಿರಬಹುದು. ಅವಳು ಸ್ವಲ್ಪ ಸುಧಾರಿಸಿಕೊಳ್ಳಲಿ. ಕೋರ್ಸ್ ಮಾರುವವರ ಫೋನು ಇಂಥ ಹೊತ್ತಿನಲ್ಲೇ ಬರುತ್ತದೆ: ಕೆಲಸ ಗ್ಯಾರಂಟಿ, ಸುಲಭ ಕಂತು. ಕಂತೆಂದರೆ ಸಾಲ, ಅವಳು ಕೋರ್ಸ್ ಬಿಟ್ಟರೂ ಸಾಲ ನಿಮ್ಮನ್ನು ಬಿಡುವುದಿಲ್ಲ.

ಅದರ ಬದಲು ನಿಮ್ಮ ಕಾಫಿ ತೋಟದ ಮಳೆ ಪುಸ್ತಕ ಅವಳ ಕೈಗೆ ಕೊಡಿ. ಹತ್ತು ವರ್ಷದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಲಿ. ಅಜ್ಜ ಇಂಚು, ಸೆಂಟ್ಸಿನಲ್ಲಿ ಬರೆದಿರುತ್ತಾರೆ, ರೈಟರು ಮಿಲಿಮೀಟರಿನಲ್ಲಿ. ಒಂದು ದಿನದ ಸಾಲು ಖಾಲಿ ಇದೆ: ಅವತ್ತು ಮಳೆಯೇ ಬರಲಿಲ್ಲವೋ, ಬಂದರೂ ಯಾರೂ ಅಳೆಯಲಿಲ್ಲವೋ? ಖಾಲಿಯನ್ನು ಸೊನ್ನೆ ಎಂದುಕೊಂಡರೆ ಇಡೀ ತಿಂಗಳ ಲೆಕ್ಕ ತಪ್ಪುತ್ತದೆ. ಡೇಟಾ ಸೈನ್ಸಿನ ಬಹುಪಾಲು ದುಡಿಮೆ ಇಂಥ ಗೊಂದಲ ಬಿಡಿಸುವುದೇ. ಆಮೇಲೆ ಫೆಬ್ರವರಿ, ಮಾರ್ಚಿನ ಹೂಮಳೆಯನ್ನು ರೊಬಸ್ಟಾ ಫಸಲಿನ ಪಕ್ಕ ಇಟ್ಟು ನೋಡಲಿ. ಒಳ್ಳೆಯ ಹೂಮಳೆ ಬಿದ್ದ ವರ್ಷವೂ ಫಸಲು ಯಾಕೆ ಸೋತಿತು ಎಂದು ಕೇಳಿದಾಗ ನೀವು ಜೊತೆಗಿರಿ. ಹಿಂದಿನ ವರ್ಷ ಗಿಡ ಮೈತುಂಬ ಕಾಯಿ ಬಿಟ್ಟು ದಣಿದಿತ್ತೆಂಬುದು ಆ ಪುಸ್ತಕದಲ್ಲಿಲ್ಲ, ನಿಮಗೆ ಗೊತ್ತಿದೆ.

ಈ ಕೆಲಸದಲ್ಲಿ ಅವಳಿಗೆ ಹೊತ್ತು ಹೋದದ್ದೇ ತಿಳಿಯದಿದ್ದರೆ ಮುಂದುವರಿಯಲಿ. ಬೇಸರ ಬಂದರೆ ಅದನ್ನೂ ನಂಬಿ, ಲಕ್ಷಗಟ್ಟಲೆ ಉಳಿಯಿತು.

ಮುಂದುವರಿಯುವುದಾದರೆ ಸಂಖ್ಯಾಶಾಸ್ತ್ರ, ಎಸ್‌ಕ್ಯೂಎಲ್, ಪೈಥಾನ್ ಬೇಕೇ ಬೇಕು. ‘ಸ್ವಯಂ’ ತಾಣದಲ್ಲಿ ಉಚಿತ ಪಾಠಗಳಿವೆ. ಗಣಿತಕ್ಕೆ ಹೆದರುವವರಿಗೆ ನಾನು ಆರು ತಿಂಗಳು ಬರೀ ಸಂಖ್ಯಾಶಾಸ್ತ್ರ ಓದಲು ಹೇಳುತ್ತೇನೆ. ಮೊದಲ ಕೆಲಸ ಬಹುಶಃ ಡೇಟಾ ಅನಲಿಸ್ಟಿನದು; ಜಾಹೀರಾತಿನ ಸಂಬಳವನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳನ್ನು ಅಳೆಯಬೇಡಿ. ‘ಇಷ್ಟು ವರ್ಷ ಹಾಳಾಯ್ತು’ ಎಂಬ ಮಾತಂತೂ ಬೇಡವೇ ಬೇಡ. ಜನಗಣತಿ, ಆರ್ಥಿಕ ಸಮೀಕ್ಷೆಗಳನ್ನು ಅರೆದು ಕುಡಿದವಳು ಆರೋಗ್ಯ, ಕೃಷಿ ಕ್ಷೇತ್ರದ ಅಂಕಿಅಂಶಗಳನ್ನು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾಳೆ.

ಪದವಿಯೇ ಬೇಕೆಂದರೆ ಮದ್ರಾಸ್ ಐಐಟಿ 2020ರಲ್ಲಿ ಆರಂಭಿಸಿದ ಆನ್‌ಲೈನ್ ಕಾರ್ಯಕ್ರಮವಿದೆ. ಜೆಇಇ ಬರೆದಿರಬೇಕಿಲ್ಲ, ವಯಸ್ಸಿನ ಮಿತಿಯಿಲ್ಲ. ನಾಲ್ಕು ವಾರದ ಪಾಠ ಮುಗಿಸಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪಾಠ ಮನೆಯಲ್ಲೇ ಕೇಳಬಹುದು, ಮುಖ್ಯ ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಬೇಕು. ಫೌಂಡೇಶನ್, ಡಿಪ್ಲೊಮಾ ಹಂತಗಳಲ್ಲಿ ನಿಲ್ಲಿಸಿದರೂ ಅಲ್ಲಿಯವರೆಗಿನ ಪ್ರಮಾಣಪತ್ರ ಸಿಗುತ್ತದೆ.