ಪೂರ್ವಚರಿತ್ರೆ ತಿಳಿಯದ ನಾಯಿಮರಿಗೆ ಚುಚ್ಚುಮದ್ದು ಹಾಕಿಸುವ ಕ್ರಮ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಮಾವಿನ ತೋಪಿನ ಕಾವಲಿಗೂ ಕುರಿದೊಡ್ಡಿಯ ರಕ್ಷಣೆಗೂ ನಾಯಿಯನ್ನು ಸಾಕುವುದು ಹಿಂದಿನಿಂದ ನಡೆದು ಬಂದ ವಾಡಿಕೆಯಾಗಿರುತ್ತದೆ. ಬೆಟ್ಟಗಳಲ್ಲಿ ಚಿರತೆಯೂ ಕಾಡಂಚಿನಲ್ಲಿ ಹಂದಿಯೂ ಇರುವ ಈ ಸೀಮೆಯಲ್ಲಿ ನಾಯಿಯು ಒಕ್ಕಲಿನ ಆಸ್ತಿಯೇ ಸರಿ. ಆದರೆ ಮರಿಯು ದೊರೆಯುವ ಬಗೆಯು ಅನೇಕವಾಗಿರುತ್ತದೆ. ಸಂತೆಯಿಂದ ಹಿಂದಿರುಗುವಾಗ ದಾರಿಯಲ್ಲಿ ಸಿಕ್ಕಿದುದುಂಟು; ನೆಂಟರು ಕೊಟ್ಟುದುಂಟು. ಅದಕ್ಕಾಗಲಿ ಅದರ ತಾಯಿಗಾಗಲಿ ಚುಚ್ಚುಮದ್ದು ಹಾಕಿಸಿತ್ತೇ, ಬೇರೆ ನಾಯಿ ಕಚ್ಚಿತ್ತೇ ಎಂಬುದನ್ನು ಹೇಳುವವರಿರುವುದಿಲ್ಲ. ಮನೆಯ ಮಕ್ಕಳಾದರೋ ಆ ದಿನವೇ ಅದನ್ನೆತ್ತಿ ಆಡಿಸುವರು. ಹುಚ್ಚುನಾಯಿ ರೋಗದ ಲಕ್ಷಣಗಳು ತೋರಿದ ಮೇಲೆ ಮನುಷ್ಯನು ಬದುಕುವುದು ಅತ್ಯಂತ ವಿರಳ. ಆದುದರಿಂದ ಈ ವಿಷಯವನ್ನು ಅಲ್ಪವೆಂದು ಎಣಿಸಕೂಡದು.

ರೇಷ್ಮೆ ಬೆಳೆಯುವವರಿಗೆ ಇದರ ತತ್ತ್ವವನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ತಾಯಿಚಿಟ್ಟೆಯನ್ನು ಪರೀಕ್ಷಿಸದೆ ಪಡೆದ ಮೊಟ್ಟೆಯನ್ನು ತಿಳಿದವರು ಹುಳುಮನೆಗೆ ತರುವುದಿಲ್ಲ. ಗಂಟುರೋಗವನ್ನು ತಡೆಯಲು ಈ ಪರೀಕ್ಷೆಯನ್ನು ರೂಢಿಗೆ ತಂದವನು ಫ್ರಾನ್ಸ್ ದೇಶದ ಲೂಯಿ ಪಾಸ್ತರ್. 1865ರಲ್ಲಿ ರೇಷ್ಮೆಹುಳುವಿನ ರೋಗಗಳನ್ನು ಶೋಧಿಸತೊಡಗಿದ ಆತನೇ 1885ರ ಜುಲೈ 6ರಂದು, ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ತರ್ ಎಂಬ 9 ವರ್ಷದ ಬಾಲಕನಿಗೆ ಚುಚ್ಚುಮದ್ದಿನ ಚಿಕಿತ್ಸೆಯನ್ನಾರಂಭಿಸಿದನು, ಬಾಲಕನು ಉಳಿದುಕೊಂಡನು. ತಾಯಿಯ ಸ್ಥಿತಿ ತಿಳಿಯದ ಮೊಟ್ಟೆಯನ್ನು ಶಂಕಿಸುವಂತೆಯೇ, ಪೂರ್ವಚರಿತ್ರೆ ತಿಳಿಯದ ಮರಿಯನ್ನು ಚುಚ್ಚುಮದ್ದು ಹಾಕಿಸದ ಮರಿಯೆಂದೇ ಭಾವಿಸತಕ್ಕದ್ದು. ಹಿಂದೆ ಹಾಕಿಸಿದ್ದರೂ ಮತ್ತೊಮ್ಮೆ ಹಾಕಿಸುವುದರಿಂದ ಸಾಮಾನ್ಯವಾಗಿ ಹಾನಿಯಿಲ್ಲ.

ಮೊದಲ ಎರಡು ವಾರ

ಮರಿಯನ್ನು ತಂದ ಕೂಡಲೆ ಮನೆಯ ಇತರ ನಾಯಿಗಳಿಂದ ಎರಡು ವಾರಗಳ ಕಾಲ ಬೇರೆಯಾಗಿಡಬೇಕು. ಒಂದೆರಡು ದಿನಗಳೊಳಗೆ ಪಶು ಆಸ್ಪತ್ರೆಯಲ್ಲಿ ತೋರಿಸಿ, ಜಂತುಹುಳುವಿಗೂ ಉಣ್ಣೆಗೂ ತಕ್ಕ ಔಷಧ ಕೊಡಿಸಬೇಕು. ಜ್ವರ, ವಾಂತಿ, ಭೇದಿ ಇದ್ದಲ್ಲಿ ಅವು ವಾಸಿಯಾಗುವವರೆಗೆ ವೈದ್ಯರು ಚುಚ್ಚುಮದ್ದನ್ನು ಮುಂದಕ್ಕೆ ಹಾಕುವರು.

ರಕ್ತಭೇದಿಯನ್ನುಂಟುಮಾಡುವ ಪಾರ್ವೊ ರೋಗದ ವಿಷಾಣುವು ನೆಲದಲ್ಲಿ ಒಂದು ವರ್ಷದಷ್ಟು ಕಾಲವೂ ಉಳಿಯಬಲ್ಲದು. ಆದುದರಿಂದ ಹಿಂದಿನ ನಾಯಿ ಈ ರೋಗದಿಂದ ಸತ್ತ ಮನೆಗೆ, ಚುಚ್ಚುಮದ್ದು ಮುಗಿಯದ ಮರಿಯನ್ನು ತರಬಾರದು. ಹುಳುಮನೆಯನ್ನು ಶುದ್ಧಿಮಾಡುವ ಬ್ಲೀಚಿಂಗ್ ಪುಡಿಯ ನೀರೇ ಈ ವಿಷಾಣುವನ್ನೂ ಕೊಲ್ಲುವುದು. ಮೊದಲು ಕೊಳೆಯನ್ನು ತೊಳೆದು, ಅನಂತರ ಗಚ್ಚಿನ ನೆಲಕ್ಕೆ ಅದನ್ನು ಹಾಕಬೇಕು. ನೆಲ ಒಣಗುವವರೆಗೆ ಮರಿಯನ್ನು ಬಿಡಕೂಡದು.

ವಯಸ್ಸನ್ನು ಅರಿಯುವ ಬಗೆ

ಚುಚ್ಚುಮದ್ದಿನ ಕ್ರಮವು ವಯಸ್ಸನ್ನು ಅನುಸರಿಸಿರುವುದರಿಂದ ಹಲ್ಲನ್ನು ನೋಡಬೇಕು. ಹಾಲುಹಲ್ಲುಗಳು ಮೂರನೆಯ ವಾರದಿಂದ ಹುಟ್ಟತೊಡಗಿ ಸುಮಾರು ಎಂಟು ವಾರಗಳೊಳಗೆ ಪೂರ್ಣವಾಗುತ್ತವೆ. ಸೂಜಿಯಂತಹ ಮುಂಹಲ್ಲು ಬಿದ್ದು ಅಗಲವಾದ ಹಲ್ಲು ಮೂಡುತ್ತಿದ್ದರೆ ಮರಿಗೆ ಮೂರರಿಂದ ಐದು ತಿಂಗಳು. ಎಲ್ಲಾ ಹಲ್ಲುಗಳೂ ಬದಲಾಗಿದ್ದರೆ ಸುಮಾರು ಏಳು ತಿಂಗಳು ಆಗಿರುವುದೆಂದು ತಿಳಿಯಬಹುದು.

ಚುಚ್ಚುಮದ್ದಿನ ಕ್ರಮ

ಡಿಸ್ಟೆಂಪರ್, ಪಾರ್ವೊ ಮೊದಲಾದ ರೋಗಗಳ ಕೂಡುಮದ್ದನ್ನು ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೂ ಹಾಕಿಸಬೇಕು. ಮರಿಯು ಗಿಣ್ಣುಹಾಲಿನ ಮೂಲಕ ತಾಯಿಯಿಂದ ಪಡೆದ ರಕ್ಷಣಾಶಕ್ತಿಯು ಮದ್ದಿನ ಗುಣವನ್ನು ತಡೆಯುತ್ತದೆ. ಆ ಶಕ್ತಿ ಎಂದು ಕುಂದುವುದೆಂಬುದು ಮರಿಯಿಂದ ಮರಿಗೆ ಬೇರೆ. ಆದುದರಿಂದಲೇ ಒಂದೇ ಸಾರಿ ಹಾಕಿಸಿ ಬಿಟ್ಟರೆ ಸಾಲದು. ಹದಿನಾರು ವಾರ ಮೀರಿದ ಮರಿಗೆ ಮೂರು ನಾಲ್ಕು ವಾರಗಳ ಅಂತರದಲ್ಲಿ ಎರಡು ಸಾರಿ ಹಾಕಿಸಿದರೆ ಸಾಕಾಗುವುದು. ಇಲಿಜ್ವರದ ಮದ್ದೂ ಇದರೊಡನೆ ಸೇರಿರುವುದೇ ಎಂಬುದನ್ನು ವಿಚಾರಿಸತಕ್ಕದ್ದು. ಆ ರೋಗವು ಮನುಷ್ಯರಿಗೂ ತಗಲುವುದು.

ಡಿಸ್ಟೆಂಪರ್ ವಿಷಾಣುವು ಹಿಂದೆ ದನಗಳನ್ನು ಹಿಂಡುಹಿಂಡಾಗಿ ಕೊಂದ ದೊಡ್ಡರೋಗದ ವಿಷಾಣುವಿನ ವರ್ಗಕ್ಕೇ ಸೇರಿದುದು. ದೊಡ್ಡರೋಗವು ಚುಚ್ಚುಮದ್ದಿನ ಬಲದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಲೋಕಕ್ಕೆ ಸಾರಲ್ಪಟ್ಟಿತು.

ಹುಚ್ಚುನಾಯಿ ರೋಗದ ಮದ್ದನ್ನು ಮೂರು ತಿಂಗಳು ತುಂಬಿದೊಡನೆ ಹಾಕಿಸಿ, ವೈದ್ಯರು ಹೇಳಿದಲ್ಲಿ ಕೆಲವು ವಾರಗಳ ಮೇಲೆ ಮತ್ತೊಮ್ಮೆಯೂ, ಅನಂತರ ವರ್ಷಕ್ಕೊಮ್ಮೆಯೂ ಹಾಕಿಸಬೇಕು. ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಬೇಕಾಗಿರುವುದರಿಂದ, ಅದನ್ನು ಜೇಬಿನಲ್ಲಿಟ್ಟು ಊರಿಗೆ ತರುವುದಕ್ಕಿಂತ ಮರಿಯನ್ನೇ ಆಸ್ಪತ್ರೆಗೆ ಒಯ್ಯುವುದು ಲೇಸು. ಹಾಕಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆಯಿಸಿ ಜೋಪಾನ ಮಾಡತಕ್ಕದ್ದು.

ಮುಖ್ಯ ಎಚ್ಚರಿಕೆ

ಮರಿಯನ್ನು ತರುವುದಕ್ಕೆ ಮೊದಲೇ ಹುಚ್ಚುನಾಯಿ ಕಚ್ಚಿದ್ದರೆ, ಆ ಮೇಲೆ ಹಾಕಿಸಿದ ಮದ್ದು ರೋಗವನ್ನು ತಡೆಯುವುದೆಂಬ ಭರವಸೆಯಿಲ್ಲ. ರೋಗವು ಅನೇಕ ವಾರಗಳು, ಕೆಲವು ವೇಳೆ ತಿಂಗಳುಗಳು, ಗುಪ್ತವಾಗಿರುತ್ತದೆ. ಆದುದರಿಂದ ಮರಿಯು ಆಟದಲ್ಲಿ ಕಚ್ಚಿದರೂ ಪರಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ಹಚ್ಚಕೂಡದು. ಮರಿ ಚೆನ್ನಾಗಿದೆಯೆಂದು ಕಾದಿರಕೂಡದು. ರಕ್ತ ಬಂದ ಗಾಯವಾದರೆ ಚುಚ್ಚುಮದ್ದಿನೊಡನೆ ಗಾಯಕ್ಕೆ ಹಾಕುವ ಸೀರಮ್ಮೂ ಬೇಕಾಗುವುದು. ವೈದ್ಯರು ಗೊತ್ತುಮಾಡಿದ ಸರದಿಯಲ್ಲಿ ಒಂದನ್ನೂ ತಪ್ಪಿಸಕೂಡದು.

ಗ್ರಾಮದ ಮುಖಂಡರ ಕರ್ತವ್ಯ

ಒಬ್ಬರ ಮನೆಯ ನಾಯಿಗೆ ಮಾತ್ರ ಹಾಕಿಸಿದರೆ ಊರು ಸುರಕ್ಷಿತವಾಗುವುದಿಲ್ಲ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕಾದರೂ ಪ್ರತಿವರ್ಷ ಮದ್ದು ಬಿದ್ದರೆ ರೋಗದ ಸರಪಣಿಯು ಮುರಿಯುವುದೆಂದು ತಜ್ಞರು ಗೊತ್ತುಮಾಡಿದ್ದಾರೆ. ಮುಖಂಡರು ಮನೆಮನೆಯ ನಾಯಿಗಳ ಪಟ್ಟಿಯನ್ನು ಮಾಡಿಸಿ, ಪಶುವೈದ್ಯರೊಡನೆ ದಿನವನ್ನು ಗೊತ್ತುಮಾಡಿ, ಊರಿನಲ್ಲಿ ಸಾರಿಸತಕ್ಕದ್ದು. ಪಾಸ್ತರನು ತೀರಿಕೊಂಡ ಸೆಪ್ಟೆಂಬರ್ 28ನೆಯ ದಿನವು ಈಗ ಲೋಕದಲ್ಲೆಲ್ಲಾ ಹುಚ್ಚುನಾಯಿ ರೋಗ ನಿವಾರಣೆಯ ದಿನವೆಂದು ಆಚರಿಸಲ್ಪಡುತ್ತಿರುವುದರಿಂದ, ಆ ದಿನವನ್ನೇ ನಿಯಮಿಸಿಕೊಂಡರೆ ವರ್ಷವರ್ಷವೂ ಮರೆಯದೆ ನಡೆಯುವುದು.